ಕುಂಬಳೆಯಲ್ಲಿರುವ ಅಪ್ಪನಿಗೆ 52. ಕರುಳಿನ ಕ್ಯಾನ್ಸರ್ ತಪಾಸಣೆಗೆ ಮಂಗಳೂರಿಗೆ ಹೋಗಿ ಕೊಲೊನೋಸ್ಕೋಪಿಯೇ (ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಕೆ ಹಾಕಿ ಕರುಳು ನೋಡುವ ಪರೀಕ್ಷೆ) ಮಾಡಿಸಬೇಕೇ?

ತೊಂದರೆ ಏನೂ ಇಲ್ಲ, ಕುಟುಂಬದಲ್ಲಿ ಯಾರಿಗೂ ಈ ಕಾಯಿಲೆ ಬಂದಿಲ್ಲ ಅಂತಾದರೆ ಮೊದಲಿಗೆ ಫಿಟ್ ಎಂಬ ಮಲ ಪರೀಕ್ಷೆ ಸಾಕು. ಕಡ್ಡಿಯ ತುದಿಯಲ್ಲಿ ಚೂರು ಮಲ ತೆಗೆದು ಲ್ಯಾಬಿಗೆ ಕೊಟ್ಟರಾಯಿತು. ಹಿಂದಿನ ದಿನ ಮೀನು, ಮಾಂಸ ತಿಂದಿದ್ದರೂ ಅಡ್ಡಿಯಿಲ್ಲ, ಅದು ಹುಡುಕುವುದು ಮಲದಲ್ಲಿ ಕಣ್ಣಿಗೆ ಕಾಣದಂತೆ ಸೇರಿರುವ ರಕ್ತವನ್ನು, ಅದರಲ್ಲೂ ಮನುಷ್ಯರ ಹಿಮೋಗ್ಲೋಬಿನ್ ಮಾತ್ರ.

2025ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸ್ಪೇನಿನ ಅಧ್ಯಯನದಲ್ಲಿ, 10 ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಕೊಲೊನೋಸ್ಕೋಪಿಗೆ ಕರೆದ ಗುಂಪಿನಲ್ಲಿ ಶೇ. 0.22, ಎರಡು ವರ್ಷಕ್ಕೊಮ್ಮೆ ಫಿಟ್‌ಗೆ ಕರೆದ ಗುಂಪಿನಲ್ಲಿ ಶೇ. 0.24. ಹೆಚ್ಚು ಕಡಿಮೆ ಒಂದೇ. ಆದರೆ ಫಿಟ್ ಒಮ್ಮೆ ಮಾಡಿಸಿ ಮರೆತುಬಿಟ್ಟರೆ ಆಗದು. ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ತಪ್ಪಿದ್ದಲ್ಲ.

ಈಗಲೇ ಮಲದಲ್ಲಿ ರಕ್ತ ಹೋಗುತ್ತಿದೆಯಾ? ಹಾಗಾದರೆ ಪೈಲ್ಸ್ ಇರಬೇಕು ಅಂತ ಮುಲಾಮು ಹಚ್ಚಿ ಕೂರಬೇಡಿ (ನಮ್ಮ ಕಡೆ ಆಗುವುದೇ ಇದು). ಫಿಟ್ ಬಿಟ್ಟು ನೇರ ಮಂಗಳೂರಿನ ರೈಲು ಹತ್ತಿಸಿ.