ರೇಸ್ ಕಾರಿನ ಇನರ್ಟರ್ ಜೀಪಿಗೂ ಆದೀತೇ?

ಪ್ರಶ್ನೆ: ಫಾರ್ಮುಲಾ ಒನ್ ಕಾರುಗಳಲ್ಲಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳ ಜೊತೆಗೆ ‘ಇನರ್ಟರ್’ ಎಂಬ ಮೂರನೆಯ ಸಾಧನವೂ ಇತ್ತೆಂದು ಓದಿದೆ. ಅದರ ಕೆಲಸವೇನು? ಮಳೆಗಾಲದಲ್ಲಿ ಹೊಂಡ ಬೀಳುವ ಪೆರ್ಲ–ಬದಿಯಡ್ಕ ಕಡೆಯ ರಸ್ತೆಗಳಲ್ಲಿ ಓಡುವ ನನ್ನ ಜೀಪಿಗೆ ಅದನ್ನು ಅಳವಡಿಸಬಹುದೇ?
— ಓದುಗರೊಬ್ಬರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ಸ್ಪ್ರಿಂಗ್ ತಾನು ಎಷ್ಟು ಕುಗ್ಗಿದೆಯೋ ಅಷ್ಟು ಬಲದಿಂದ ಎದುರಿಸುತ್ತದೆ, ಶಾಕ್ ಅಬ್ಸಾರ್ಬರ್ ಎಷ್ಟು ವೇಗವಾಗಿ ಕುಗ್ಗುತ್ತಿದೆಯೋ ಅದಕ್ಕೆ ತಕ್ಕಂತೆ ಎದುರಿಸುತ್ತದೆ. ಆ ವೇಗ ಬದಲಾಗುವುದನ್ನೇ, ಅಂದರೆ ಎರಡು ತುದಿಗಳ ನಡುವಿನ ವೇಗೋತ್ಕರ್ಷವನ್ನು ಎದುರಿಸುವುದು ಇನರ್ಟರ್. ಕೇಂಬ್ರಿಜ್ ವಿಶ್ವವಿದ್ಯಾಲಯದ ಮಾಲ್ಕಮ್ ಸ್ಮಿತ್ ಅವರು ಇದನ್ನು ಕಂಡುಕೊಂಡ ದಾರಿ ನನಗೆ ಇಂದಿಗೂ ಬಹಳ ಸುಂದರವಾಗಿ ಕಾಣುತ್ತದೆ. ವಿದ್ಯುತ್ ಮಂಡಲದ ಕಾಯಿಲ್‌ಗೆ ಸ್ಪ್ರಿಂಗನ್ನೂ ರೆಸಿಸ್ಟರ್‌ಗೆ ಶಾಕ್ ಅಬ್ಸಾರ್ಬರನ್ನೂ ಸರಿಸಮವೆಂದು ಎಣಿಸಬಹುದು. ಆದರೆ ಕೆಪಾಸಿಟರ್‌ಗೆ ಸಮವಾದ ದ್ರವ್ಯರಾಶಿಯ ವೇಗೋತ್ಕರ್ಷವನ್ನು ನೆಲಕ್ಕೆ ಹೋಲಿಸಿಯೇ ಅಳೆಯುವುದರಿಂದ, ಅದರ ಒಂದು ತುದಿ ಯಾವಾಗಲೂ ನೆಲಕ್ಕೇ ಸೇರಿದಂತೆ. ಎರಡೂ ತುದಿಗಳು ಬಿಡಿಯಾಗಿರುವ ಸಾಧನವೊಂದು ಯಂತ್ರಶಾಸ್ತ್ರದಲ್ಲಿ ಇಲ್ಲದ ಕೊರತೆಯನ್ನು ತುಂಬಿದ ಅವರ ಪ್ರಬಂಧ 2002ರಲ್ಲಿ ಪ್ರಕಟವಾಯಿತು.

ಅದರ ಒಂದು ರೂಪದಲ್ಲಿ, ದಂಡವೊಂದು ಒಳಹೊರಗೆ ಸರಿದಾಗ ಹಲ್ಲುಚಕ್ರಗಳ ಮೂಲಕ ಪುಟ್ಟ ಫ್ಲೈವೀಲ್, ಅಂದರೆ ತೂಕದ ಚಕ್ರ, ತಿರುಗುತ್ತದೆ. ದಂಡವನ್ನು ನಿಧಾನವಾಗಿ ಒತ್ತಿದರೆ ಸಲೀಸಾಗಿ ಸರಿಯುತ್ತದೆ, ಥಟ್ಟನೆ ಒತ್ತಿದರೆ ಕೈಗೆ ಬಿಗಿಯಾಗಿ ತಾಗುತ್ತದೆ. ತೂಕವೆಲ್ಲ ಅಂಚಿನಲ್ಲಿರುವ 200 ಗ್ರಾಂ ಚಕ್ರದ ಅಂಚು ದಂಡಕ್ಕಿಂತ 15 ಪಟ್ಟು ವೇಗವಾಗಿ ಚಲಿಸುವುದಾದರೆ, ಅದರ ಪರಿಣಾಮ ಆ ಅನುಪಾತದ ವರ್ಗದಷ್ಟು, ಅಂದರೆ 225 ಪಟ್ಟು ಹೆಚ್ಚಿ, 45 ಕಿಲೋ ತೂಕಕ್ಕೆ ಸಮನಾಗುತ್ತದೆ.

ರೇಸ್ ಕಾರಿಗೆ ಇದು ಬೇಕಾದದ್ದೇಕೆ? ಗಾಳಿಯ ಒತ್ತಡದಿಂದ ಸಿಗುವ ಹಿಡಿತ ಉಳಿಯಬೇಕಾದರೆ ಕಾರಿನ ತಳ ನೆಲದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಬೇಕು. ಅದಕ್ಕಾಗಿ ಸ್ಪ್ರಿಂಗುಗಳನ್ನು ತೀರಾ ಗಡುಸಾಗಿ ಇಟ್ಟಾಗ ಟಯರೇ ಮುಖ್ಯ ಸ್ಪ್ರಿಂಗ್ ಆಗಿಬಿಡುತ್ತದೆ. ಟಯರಿಗೆ ತನ್ನ ಕುಣಿತವನ್ನು ತಾನೇ ತಣಿಸುವ ಶಕ್ತಿ ಕಡಿಮೆ. ನೆಲದ ಮೇಲಿನ ಭಾರ ಹೀಗೆ ಏರಿಳಿದಷ್ಟೂ ಹಿಡಿತ ಸೋರಿಹೋಗುತ್ತದೆ. ಸರಿಯಾಗಿ ಆರಿಸಿದ ಇನರ್ಟರ್ ಆ ಏರಿಳಿತವನ್ನು ತಗ್ಗಿಸುತ್ತದೆ. ಮೆಕ್ಲಾರೆನ್ ತಂಡ 2005ರ ಸ್ಪೇನ್ ಗ್ರ್ಯಾನ್ ಪ್ರಿಯಲ್ಲಿ ಇದನ್ನು ಬಳಸಿತು, ಕಿಮಿ ರೈಕೊನೆನ್ ಗೆದ್ದರು. ಗುಟ್ಟು ಬಯಲಾಗದಿರಲೆಂದು ತಂಡದವರು ಇದನ್ನು ‘ಜೆ ಡ್ಯಾಂಪರ್’ ಎಂದು ಕರೆಯುತ್ತಿದ್ದರು. 2022ರ ಹೊಸ ನಿಯಮಗಳು ಫಾರ್ಮುಲಾ ಒನ್‌ನಲ್ಲಿ ಇನರ್ಟರನ್ನು ನಿಷೇಧಿಸಿದವು.

ನಿಮ್ಮ ಜೀಪಿಗೆ ಇದನ್ನು ನಾನು ಖಂಡಿತ ಸೂಚಿಸಲಾರೆ. ಚಕ್ರ ಹೊಂಡದ ಅಂಚಿಗೆ ಬಡಿಯುವಂಥ ಹಠಾತ್ ಚಲನೆಗೆ ಇನರ್ಟರ್ ಬಹುತೇಕ ಕಬ್ಬಿಣದ ಸಲಾಕೆಯಂತೆ ಸೆಟೆದು, ಪೆಟ್ಟನ್ನು ನೇರವಾಗಿ ಚಾಸಿಗೇ ದಾಟಿಸುತ್ತದೆ. ನಿಮ್ಮ ರಸ್ತೆಗೆ ಬೇಕಾದದ್ದು ಚಕ್ರ ಮೇಲೆ ಕೆಳಗೆ ಧಾರಾಳವಾಗಿ ಆಡುವ ಅವಕಾಶ ಮತ್ತು ಸುಸ್ಥಿತಿಯ ಶಾಕ್ ಅಬ್ಸಾರ್ಬರ್. ಅದರ ಮೈಮೇಲೆ ಎಣ್ಣೆ ಜಿನುಗಿದೆಯೇ ನೋಡಿ. ಕೆಳಗಿನ ಬೋಲ್ಟ್ ಬಿಚ್ಚಿಸಿ ಕೈಯಿಂದ ಎಳೆದಾಗ ತಡೆಯೇ ಇಲ್ಲದೆ ಸರಿದರೆ ಬದಲಾಯಿಸಿ. ಲೀಫ್ ಪ್ಲೇಟುಗಳ ಬುಷ್ ಸವೆದಿದ್ದರೆ ಅದನ್ನೂ ಅದೇ ಸಲ ಹಾಕಿಸಿಕೊಳ್ಳಿ.