ನುಂಗೋಕೆ ಎಂಜಲೇ ಇಲ್ಲ ಅಂದ್ರೆ?

(ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ಅವ್ರನ್ನ ಕೇಳಿಯೇ ಬರೀತಿರೋದು.)

ಐವತ್ತು ದಾಟಿದ ಹೆಂಗಸು, ಜೊತೇಲಿ ಮಗಳು. ಕೂತ ತಕ್ಷಣ ಮಗಳೇ ಶುರು ಮಾಡಿದ್ಲು, "ಮೇಡಂ, ಡಾಕ್ಟ್ರು 40 ಸಲ ಆಕ್ಸಿಜನ್ ಚೇಂಬರಲ್ಲಿ ಕೂರ್ಬೇಕು ಅಂತ ಬರ್ಕೊಟ್ಟಿದ್ದಾರೆ, ಅಮ್ಮ ಆರಕ್ಕೇ ಬಿಟ್ಬಿಟ್ರು, ಬರೀ ಹಠ." ಅಮ್ಮ ತುಟಿ ಬಿಚ್ಚಲಿಲ್ಲ. ಕೈಲಿದ್ದ ನೀರಿನ ಬಾಟ್ಲಿ ಮುಚ್ಚಳ ತೆಗೆಯೋದು, ಒಂದು ಗುಟುಕು, ಮತ್ತೆ ಮುಚ್ಚೋದು, ಎರಡು ನಿಮಿಷಕ್ಕೊಂದ್ಸಲ ಇದೇ ಕೆಲ್ಸ.

ಇವ್ರಿಗೆ ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿತ್ತು. ಕ್ಯಾನ್ಸರೇನೋ ಹೋಯ್ತು, ಆದ್ರೆ ರೇಡಿಯೇಷನ್ ಬಿದ್ದ ಜಾಗದಲ್ಲಿ ಸಣ್ಣ ಸಣ್ಣ ರಕ್ತನಾಳ ಹಾಳಾಗಿರ್ತವೆ ನೋಡಿ, ಒಂದು ಹಲ್ಲು ಕೀಳಿಸಿದ್ದೇ ನೆಪ, ದವಡೆ ಗಾಯ ಮಾಯ್ಲೇ ಇಲ್ಲ. ಅದಕ್ಕೇ ಹೈಪರ್‌ಬಾರಿಕ್ ಆಕ್ಸಿಜನ್, ಅಂದ್ರೆ ಗಾಳಿಯ ಒತ್ತಡ ಏರಿಸಿ ಶುದ್ಧ ಆಕ್ಸಿಜನ್ ಉಸಿರಾಡಿಸೋ ಚಿಕಿತ್ಸೆ. ಆರು ಸೀಟಿನ ಚೇಂಬರ್, ಒಬ್ರು ನರ್ಸ್ ಒಳಗೇ ಇರ್ತಾರೆ. ಬಾಗಿಲು ಹಾಕಿ ಒತ್ತಡನ ಮಾಮೂಲಿಗಿಂತ 2.4 ಪಟ್ಟಿಗೆ ಏರಿಸ್ತಾರೆ, ಅಂದ್ರೆ ಸಮುದ್ರದಲ್ಲಿ ಸುಮಾರು 14 ಮೀಟರ್ ಇಳಿದ ಹಾಗೆ. ಆಮೇಲೆ ತಲೆ ಪೂರ್ತಿ ಮುಚ್ಚೋ ಹುಡ್, ಶುದ್ಧ ಆಕ್ಸಿಜನ್, ಮಧ್ಯೆ ಮಧ್ಯೆ 5 ನಿಮಿಷ ಬ್ರೇಕು. ಎಲ್ಲಾ ಸೇರಿ ಹತ್ತಿರ ಹತ್ತಿರ ಎರಡು ಗಂಟೆ, ವಾರಕ್ಕೆ 5 ದಿನ.

ಮಗಳನ್ನ ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. ಆವಾಗ ಮಾತು ಬಂತು.

"ಎರಡನೇ ದಿನ ಕಿವಿ ನೋವಾಯ್ತು, ಕೈ ಎತ್ತಿದೆ. ಸಿಸ್ಟರ್ ಹೊರಗಿನವ್ರಿಗೆ ಹೇಳಿ ನಿಲ್ಲಿಸಿದ್ರು. ಉಳಿದ ಐದು ಜನ ನನ್ನೊಬ್ಬಳಿಗೋಸ್ಕರ ಕಾಯ್ತಾ ಕೂತ್ರು, ಒಬ್ರು ಉಸ್ಸಪ್ಪಾ ಅಂದ್ರು. ಮಾರನೇ ದಿನದಿಂದ ನಾನು ಕೈ ಎತ್ತಲೇ ಇಲ್ಲ. ಕಿವಿ ಬಿಡೋಕೆ ಎಂಜಲು ನುಂಗಿ, ಆಕಳಿಸಿ ಅಂತಾರೆ. ನನ್ ಬಾಯಿ ಎರಡು ಬೆರಳಷ್ಟೂ ತೆರೆಯಲ್ಲ, ಎಂಜಲೇ ಬರಲ್ಲ, ನುಂಗೋದೇನನ್ನ ಮೇಡಂ?"

ಆರನೇ ದಿನ ಆ ನೋವಲ್ಲೇ ಹುಡ್ ಹಾಕಿಸ್ಕೊಂಡಿದ್ದಾರೆ, ಗಾಳಿಯ ಶಬ್ದ ಬಿಟ್ರೆ ಬೇರೇನೂ ಕೇಳ್ಸಲ್ಲ, ಎದೆ ಹೊಡ್ಕೊಳ್ಳೋಕೆ ಶುರುವಾಗಿ ಸತ್ತೇ ಹೋಗ್ತೀನಿ ಅನ್ಸಿದೆ. ಕಿವಿ ಡಾಕ್ಟ್ರು ನೋಡಿದಾಗ ತಮಟೆ ಕೆಂಪಗಾಗಿತ್ತಂತೆ. ಮುಂಚೆ ಯಾರೋ "ಎಸಿ ರೂಮಲ್ಲಿ ಕೂತ ಹಾಗೆ ಅಷ್ಟೇ" ಅಂದಿದ್ರಂತೆ, ನಂಗೆ ಆ ಮಾತಿನ ಮೇಲೇ ಸಿಟ್ಟು ಬಂತು. ನಿಜ ಹೇಳ್ಬೇಕಂದ್ರೆ ನಾನೂ ಫೈಲಲ್ಲಿ ಮೊದ್ಲು ಕ್ಲಾಸ್ಟ್ರೋಫೋಬಿಯಾ ಅಂತ ಗೀಚಿದ್ದೆ, ಆಮೇಲೆ ಹೊಡೆದು ಹಾಕಿದೆ. ಇವ್ರಿಗೆ ಮುಚ್ಚಿದ ಬಾಗಿಲಿನ ಭಯಕ್ಕಿಂತ ಬೇರೆಯವ್ರಿಗೆ ತೊಂದ್ರೆ ಕೊಡ್ತೀನಲ್ಲಾ ಅನ್ನೋ ಸಂಕೋಚ ದೊಡ್ದಿತ್ತು.

ಅವ್ರಿಗೆ ಹೇಳಿದ್ದು ಇಷ್ಟು. ಕಿವಿ ವಾಸಿ ಆಗಿದೆ ಅಂತ ಡಾಕ್ಟ್ರು ಹೇಳೋವರೆಗೂ ಒಳಗೆ ಹೋಗೋದು ಬೇಡ, ನೆಗಡಿ, ಮೂಗು ಕಟ್ಟಿದ್ರೆ ಅವತ್ತೂ ಮೊದ್ಲೇ ಹೇಳಿ. ಕೈ ಎತ್ತೋದು ಉಪಕಾರ ಕೇಳ್ದಂಗಲ್ಲ, ಅದೂ ಟ್ರೀಟ್ಮೆಂಟೇ, ನೋವು ತಡ್ಕೊಂಡ್ರೆ ಕಿವಿ ತಮಟೆ ಹರಿಯಬಹುದು, ಆಗ ಇನ್ನೂ ಲೇಟು. ಒತ್ತಡ ಏರೋಕೆ ಶುರುವಾದ ಕ್ಷಣದಿಂದ್ಲೇ, ನೋವು ಬರೋಕೆ ಮುಂಚೆನೇ, ಮೂಗು ಹಿಡ್ದು ಬಾಯಿ ಮುಚ್ಚಿ ಮೆಲ್ಲಗೆ ಊದಿ, ಜೋರು ಮಾಡ್ಬೇಡಿ. ಇನ್ನೊಂದು, ಬಾಗಿಲು ಬೇಕಂದ ಕೂಡ್ಲೇ ತೆಗೆಯಲ್ಲ, ಒತ್ತಡ ನಿಧಾನಕ್ಕೆ ಇಳಿಸಿದ್ಮೇಲೇ ತೆಗೆಯೋದು. ಇದನ್ನ ಮುಚ್ಚಿಡಲಿಲ್ಲ ನಾನು, ಒಳಗೆ ಹೋದ್ಮೇಲೆ ಗೊತ್ತಾದ್ರೆ ಭಯ ದುಪ್ಪಟ್ಟಾಗುತ್ತೆ.

ಅವ್ರ ಒಪ್ಪಿಗೆ ತಗೊಂಡು ಅಲ್ಲಿನ ಸಿಸ್ಟರ್ ಹತ್ರಾನೂ ಮಾತಾಡಿದೆ. ಪಾಪ, ಅವ್ರಿಗೆ ಬಾಯಿ ಒಣಗೋ ವಿಷ್ಯ ಹೊಳೆದೇ ಇರ್ಲಿಲ್ಲ. ಬೆಂಕಿ ಅಪಾಯ ಅಂತ ಫೋನು, ವಾಚು, ತಲೆಗೆ ಹಚ್ಚಿದ ಎಣ್ಣೆ, ಕ್ರೀಮು ಎಲ್ಲಾ ಚೆಕ್ ಮಾಡಿ ಕಾಟನ್ ಬಟ್ಟೆ ಹಾಕ್ಸೋದ್ರಲ್ಲೇ ಅವ್ರಿಗೆ ಬೆಳಗ್ಗೆ ಸಮಯ ಸಾಲಲ್ಲ, ಶುಗರ್ ಇರೋವ್ರಿಗೆ ಒಳಗೆ ಶುಗರ್ ಇಳಿಯಬಹುದು ಅಂತ ಅದನ್ನೂ ನೋಡ್ಬೇಕು. ಆದ್ರೂ ಮೂರು ಕೆಲ್ಸಕ್ಕೆ ಒಪ್ಪಿದ್ರು: ಇವ್ರು ಬಾಗಿಲ ಪಕ್ಕದ ಬದ್ಲು ಸಿಸ್ಟರ್ ಪಕ್ಕ ಕೂರೋದು, ಒತ್ತಡ ಏರುವಾಗ ಗುಟುಕು ಗುಟುಕಾಗಿ ಕುಡಿಯೋಕೆ ನೀರು ಕೊಡೋದು, ಇವ್ರು ಕೈ ಎತ್ತಲಿ ಅಂತ ಕಾಯದೆ ಮೊದಲ ಹತ್ತು ನಿಮಿಷ ತಾವೇ "ಕಿವಿ ಬಿಟ್ತಾ?" ಅಂತ ಕೇಳ್ತಿರೋದು. ಒಂದಿನ ಚೇಂಬರ್ ಖಾಲಿ ಇದ್ದಾಗ ಬಾಗಿಲು ತೆಗೆದಿಟ್ಟೇ ಒಳಗೆ ಕೂರಿಸಿ ಹುಡ್ ಕೈಗೆ ಕೊಟ್ಟು ನೋಡೋಕೆ ಬಿಟ್ರಂತೆ.

ಎರಡು ವಾರ ಆದ್ಮೇಲೆ ಮತ್ತೆ ಶುರು ಮಾಡಿದ್ರು. 23ನೇ ಸಲ ಮುಗಿಸಿದ ಸಂಜೆ ಫೋನು, ದನಿ ನಡುಗ್ತಿತ್ತು. "ಮೇಡಂ, ದೂರದ ಬೋರ್ಡು ಮಂಜು ಮಂಜು. ಕಣ್ಣಿಗೂ ಹರಡ್ತಾ?" ಇದನ್ನೂ ಯಾರೂ ಮೊದ್ಲೇ ಹೇಳಿರ್ಲಿಲ್ಲ ನೋಡಿ. ಇಷ್ಟು ಸಲ ಆಕ್ಸಿಜನ್ ತಗೊಂಡ್ರೆ ಕೆಲವ್ರಿಗೆ ದೂರದ್ದು ಮಂಜಾಗುತ್ತೆ, ಹೆಚ್ಚಿನವ್ರಿಗೆ ಮುಗಿದ್ಮೇಲೆ ಕೆಲವು ವಾರ, ತಿಂಗ್ಳಲ್ಲಿ ಮೊದಲಿನ ಹಾಗೆ ಆಗುತ್ತೆ, ನಾಳೆ ಒಳಗೆ ಹೋಗೋ ಮುಂಚೆ ಸಿಸ್ಟರ್‌ಗೂ ಡಾಕ್ಟ್ರಿಗೂ ಹೇಳಿ, ಕಣ್ಣು ಚೆಕ್ ಮಾಡ್ಲಿ ಅಂದೆ. "ಹಾಗಾದ್ರೆ ಹೊಸ ಕನ್ನಡಕ ಈಗ್ಲೇ ಬೇಡ್ವಾ? ಮಗಳು ಆಗ್ಲೇ ಹೊರಟು ನಿಂತಿದಾಳೆ" ಅಂದ್ರು. ಚಪ್ಪಲಿ ಬಿಚ್ಚೋಕೆ ಹೇಳಿ ಅಂದೆ.