ಬ್ಲಾಗ್ ಬರೆಯುವವರು ಉತ್ತರವನ್ನೇ ಕೊಡುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನ ಒಂದು ಪಿಆರ್ ಏಜೆನ್ಸಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಚಳ್ಳಕೆರೆ ಕಡೆಯ ಗಾಣದ ಕಡಲೆಕಾಯಿ ಎಣ್ಣೆಯವರು ನಮ್ಮ ಕ್ಲೈಂಟ್. ಕನ್ನಡದ ಅಡುಗೆ ಬ್ಲಾಗರ್‌ಗಳಿಗೆಲ್ಲ ಪ್ರೆಸ್ ನೋಟ್ ಕಳಿಸಿದೆ. ಇಬ್ಬರು ‘ಎಷ್ಟು ಕೊಡ್ತೀರಿ’ ಎಂದು ಕೇಳಿದರು, ಉಳಿದವರ ಸುದ್ದಿಯೇ ಇಲ್ಲ. ಬಾಸ್ ದಿನಾ ಕೇಳುತ್ತಾರೆ. ಅಕ್ಕಾ, ಇವರನ್ನು ಮಾತಾಡಿಸುವುದು ಹೇಗೆ?
– ಹೆಸರು ಬೇಡ, ವಿಜಯನಗರ

ಉತ್ತರ: ತಂಗಿ, ನಾನೂ ಅಡುಗೆ ಬ್ಲಾಗ್ ಬರೆಯುವವಳು. ಇಂಥ ಮೇಲ್‌ಗಳು ನನಗೆ ಬರುತ್ತಲೇ ಇರುತ್ತವೆ. ‘ಡಿಯರ್ ಬ್ಲಾಗರ್’ ಅಂತ ಶುರು. ಕೆಳಗೆ ಯಾರ ಅಡುಗೆಮನೆಯಲ್ಲೂ ಕೇಳದ ಕನ್ನಡ. ಕೆಲವರು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ, ಎಲ್ಲ ಫೋನಿನಲ್ಲೂ ಓದಲಾಗುವ ಯೂನಿಕೋಡ್‌ಗೆ ಬದಲಾಯಿಸದೆ ಹಾಗೇ ಕಳಿಸುತ್ತಾರೆ. ಫೋನಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಯಾರು ಓದುತ್ತಾರೆ ಹೇಳಿ?

ಪತ್ರಿಕೆಯ ಡೆಸ್ಕಿನಲ್ಲಿ ಪ್ರೆಸ್ ನೋಟ್ ನೋಡುವುದಕ್ಕೇ ಜನ ಇರುತ್ತಾರೆ. ಬ್ಲಾಗ್ ಹಾಗಲ್ಲ. ಮನೆಕೆಲಸ ಮುಗಿಸಿ ಒಬ್ಬಳೇ ಕೂತು ಬರೆಯುವುದು. ಅವಳನ್ನು ನಂಬಿ ಬರುವ ಓದುಗರೇ ಅವಳ ಆಸ್ತಿ. ನಿಮ್ಮ ಎಣ್ಣೆಯಿಂದ ಆ ಓದುಗರಿಗೆ ಏನು ಸಿಗುತ್ತದೆ ಅನ್ನೋದನ್ನು ಮೊದಲ ಎರಡು ಸಾಲಿನಲ್ಲೇ ಹೇಳಿಬಿಡಿ.

ಬೇರೊಂದು ಏಜೆನ್ಸಿಯ ಹುಡುಗಿ ಹೀಗೇ ಮಾಡಿದಳು. ನನ್ನ ಪೂರಿ ಬರಹದ ಕೆಳಗೆ ಓದುಗರೊಬ್ಬರು ‘ಗಾಣದ ಎಣ್ಣೆ ಬಾಣಲೆಯಲ್ಲಿ ನೊರೆ ಉಕ್ಕುತ್ತೆ, ಕಲಬೆರಕೆನಾ?’ ಎಂದು ಕೇಳಿದ್ದರು. ಅವಳು ಅದನ್ನು ಓದಿ, ತನ್ನ ಕ್ಲೈಂಟ್ ಆದ ಗಾಣದವರನ್ನೇ ವಿಚಾರಿಸಿ ನನಗೆ ಬರೆದಳು: ರಿಫೈನ್ ಮಾಡದ ಎಣ್ಣೆಯಲ್ಲಿ ಅಂಟಿನ ಅಂಶ ಉಳಿದಿರುತ್ತದೆ, ನೊರೆಗೆ ಅದೂ ಒಂದು ಕಾರಣ. ಗಾಣಕ್ಕೆ ಬಂದು ನೋಡಿ, ಬರೆಯೋದು ಬಿಡೋದು ನಿಮ್ಮಿಷ್ಟ. ಹೋದೆ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಕಡಲೆಬೀಜ ಬೇಕು ಎಂದರು. ಬೆಲೆ ಯಾಕೆ ಜಾಸ್ತಿ ಅಂತ ಆಗ ಅರ್ಥವಾಯಿತು. ಕ್ಯಾನಿನ ತಳದಲ್ಲಿ ಕಂದು ಗಸಿ ಕೂರುತ್ತದೆ, ಅಲುಗಿಸದೆ ಬಗ್ಗಿಸಿ ಎಂದೂ ಬರೆದೆ. ಆ ಸಾಲು ತೆಗೆಯಿರಿ ಎಂದು ಅವಳು ಕೇಳಲಿಲ್ಲ. ಅವಳ ಫೋನ್ ಬಂದರೆ ನಾನು ಇವತ್ತಿಗೂ ತಕ್ಷಣ ಎತ್ತುತ್ತೇನೆ.

ದುಡ್ಡು ಕೇಳಿದ ಇಬ್ಬರ ಮೇಲೆ ಬೇಸರ ಬೇಡ. ಸಾಮಾನು, ಗ್ಯಾಸು, ಫೋಟೊ, ಅರ್ಧ ದಿನ, ಎಲ್ಲ ಅವರದ್ದೇ ಅಲ್ವಾ? ಕೊಡುವುದಾದರೆ ಮರ್ಯಾದೆಯಿಂದ ಕೊಡಿ. ಆದರೆ ಮುಚ್ಚಿಡಬೇಡಿ. ಜಾಹೀರಾತು ಮಾನದಂಡ ಮಂಡಳಿ, ಅಂದರೆ ಆಸ್ಕಿ, 2021ರ ಜೂನ್ 14ರಿಂದ ಜಾರಿಗೆ ತಂದ ನಿಯಮದ ಪ್ರಕಾರ ದುಡ್ಡಷ್ಟೇ ಅಲ್ಲ, ಪುಕ್ಕಟೆ ವಸ್ತು ಪಡೆದಿದ್ದನ್ನೂ ಓದುಗರಿಗೆ ಕಾಣುವಂತೆ ಹೇಳಬೇಕು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಇದನ್ನೇ ಹೇಳಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಮೊದಲ ಸಲವೇ 10 ಲಕ್ಷ ರೂಪಾಯಿವರೆಗೂ ಹೋಗಬಹುದು. ಬರಹ ಕನ್ನಡದಲ್ಲಿದ್ದರೆ ‘ಜಾಹೀರಾತು’ ಎಂದು ಕನ್ನಡದಲ್ಲೇ, ಮೇಲ್ಗಡೆಯೇ ಇರಲಿ. ನೀವೇ ಮೊದಲು ಈ ಮಾತು ಎತ್ತಿದರೆ ಅವರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ.

ಎಣ್ಣೆ ಬಾಟಲಿಗೆ ತೆರಿಗೆಯ ಚಿಂತೆ ಇಲ್ಲ, ಆದರೆ ಮುಂದೆ ಮಿಕ್ಸಿ, ಓವನ್ ಕಳಿಸುವ ಕ್ಲೈಂಟ್ ಸಿಕ್ಕರೆ ನೆನಪಿರಲಿ. 2022ರ ಜುಲೈನಿಂದ, ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಹೀಗೆ ಕೊಟ್ಟ ವಸ್ತುಗಳ ಒಟ್ಟು ಬೆಲೆ 20,000 ರೂಪಾಯಿ ದಾಟಿದರೆ ಶೇ. 10ರಷ್ಟು ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ ಕಡಿತ, ಎಂಬ ನಿಯಮ ಬಂದಿದೆ. ವಸ್ತುವನ್ನು ಬಳಸಿ ವಾಪಸ್ ಕೊಟ್ಟರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳದೆ ಆಮೇಲೆ ಪ್ಯಾನ್ ನಂಬರ್ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಈಗ ನಿಮ್ಮ ಪಟ್ಟಿಯಿಂದ ಐದೇ ಜನರನ್ನು ಆರಿಸಿ. ಅವರ ಬರಹ, ಕೆಳಗಿನ ಓದುಗರ ಪ್ರಶ್ನೆ ಎಲ್ಲ ಕೂತು ಓದಿ. ಕರಿದ ತಿಂಡಿಯ ಬಗ್ಗೆ ಬರೆಯದವರಿಗೆ ಕರಿಯುವ ಎಣ್ಣೆಯ ಮಾತು ಸುಮ್ನೆ ವ್ಯರ್ಥ. ಹೆಸರು ಹಿಡಿದು, ಹತ್ತು ಸಾಲಿನ ಕನ್ನಡದ ಪತ್ರ ಬರೆಯಿರಿ. ಗೌರಿ ಹಬ್ಬದ ಕಜ್ಜಾಯ, ಚಕ್ಕುಲಿ ಗುರಿಯಾಗಿದ್ದರೆ ತಿಂಗಳ ಮುಂಚೆಯೇ ಎಣ್ಣೆ ಅವರ ಮನೆ ಸೇರಬೇಕು. ಹಬ್ಬದ ವಾರದಲ್ಲಿ ಕಳಿಸಿದರೆ ಅದನ್ನು ತೆರೆಯಲೂ ಯಾರಿಗೂ ಪುರುಸೊತ್ತಿರುವುದಿಲ್ಲ.